ಕಂಪ್ಲಿಯ ಇಳಿಜಾರಿನಲ್ಲಿ ನಿಲ್ಲದ ಕಾರು

ಕಂಪ್ಲಿಯಲ್ಲಿ ಹೊಳೆ ದಾಟಿಸುವ ಅಂಬಿಗರಲ್ಲಿ ಆಗ ಒಂದು ಕಟ್ಟಳೆಯಿತ್ತು. ಮೋಟಾರನ್ನು ಹರಿಗೋಲಿಗೆ ಹತ್ತಿಸುವ ಮೊದಲು ದಡದ ಇಳಿಜಾರಿನಲ್ಲಿ ನೀರಿಗೆ ಮುಖ ಮಾಡಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಎಳೆದು ಇಂಜಿನ್ ಆರಿಸಬೇಕು. ಗಾಲಿಗೆ ಕಲ್ಲು ಕೊಡುವಂತಿಲ್ಲ. ಬ್ರೇಕು ಸರಿಯಾಗಿದೆ ಎಂದು ಯಾರು ಹೇಳುತ್ತಾರೋ ಅವರೇ ಇಳಿದು ಬಂದು ಕಾರಿನ ಮುಂದೆ, ಕಾರಿಗೆ ಬೆನ್ನು ಮಾಡಿ, ಹೊಳೆ ನೋಡುತ್ತ ನಿಲ್ಲಬೇಕು. ಅಂಬಿಗರು ಹಿಂದಿನಿಂದ ಹೆಗಲು ಕೊಟ್ಟು ನೂಕುತ್ತಾರೆ. ಕಾರು ಅಲುಗದಿದ್ದರೆ ಹತ್ತಿಸುತ್ತಾರೆ, ಅಲುಗಿದರೆ ಇಲ್ಲ. ಸರ್ಕಾರದ ಯಾವ ಇನ್‌ಸ್ಪೆಕ್ಟರೂ ನನ್ನ ಕೆಲಸವನ್ನು ಇಷ್ಟು ಖಡಕ್ಕಾಗಿ ಪರೀಕ್ಷಿಸಿದ್ದಿಲ್ಲ.

ನಾನು ಹೊಸಪೇಟೆಯ ಒಂದು ಮೋಟಾರ್ ಶೆಡ್ಡಿನಲ್ಲಿ ಮೇಸ್ತ್ರಿಯಾಗಿದ್ದೆ. ಮುಂಗಾರು ಹಿಡಿಯುವ ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಮುಂಚಿನ ದಿನಗಳು. ಹಂಪಿಯ ಬಂಡೆಗಳ ಮೇಲಿನಿಂದ ಬರುವ ಬಿಸಿಗಾಳಿ ನಮ್ಮ ತಗಡಿನ ಚಪ್ಪರದ ಕೆಳಗೆ ಬಂದು ಕೂತುಬಿಡುತ್ತಿತ್ತು. ಅಂಥ ಒಂದು ಬೆಳಿಗ್ಗೆ ಕಂಪ್ಲಿಯ ಅಕ್ಕಿ ಗಿರಣಿಯ ಸಾಹುಕಾರರಿಂದ ಹೇಳಿಕೆ ಬಂತು: ಕಾರಿನ ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ, ಅಂಬಿಗರು ಹತ್ತಿಸಲು ಒಪ್ಪುತ್ತಿಲ್ಲ, ಸಾಮಾನು ತೆಗೆದುಕೊಂಡು ತಕ್ಷಣ ಹೊರಟು ಬರಬೇಕು. ಹ್ಯಾಂಡ್‌ಬ್ರೇಕಿಗಾಗಿ ಇಷ್ಟು ಅವಸರಪಟ್ಟವರನ್ನು ನಾನು ಕಂಡಿರಲಿಲ್ಲ. ನಮ್ಮ ಕಡೆ ಅದನ್ನು ಕೇಳುವವರೇ ಇಲ್ಲ. ಸಂಡೂರಿನ ಘಾಟಿಯಲ್ಲಿ ಲಾರಿ ನಿಂತರೆ ಕ್ಲೀನರು ಕಲ್ಲು ಹಿಡಿದು ಕೆಳಗೆ ಹಾರುತ್ತಾನೆ. ಅವನೂ ಆ ಕಲ್ಲೂ ಸೇರಿದರೆ ಅದೇ ಹ್ಯಾಂಡ್‌ಬ್ರೇಕು.

ರೈಲಿನಲ್ಲಿ ದರೋಜಿಗೆ ಹೋಗಿ ಇಳಿದೆ. ಸ್ಟೇಷನ್ನಿನ ಹೊರಗೆ ಸಾಹುಕಾರರ ಎತ್ತಿನ ಗಾಡಿ ಕಾದಿತ್ತು. ಹೊಡೆಯುವವನು ಆ ಮನೆಯಲ್ಲೇ ತಲೆ ನರೆಸಿಕೊಂಡ ಮುದುಕ. ಊರೆಲ್ಲ ಅವನನ್ನು ಗಾಡಿ ತಾತ ಎನ್ನುತ್ತಿತ್ತು. ನನ್ನ ಸಾಮಾನಿನ ಪೆಟ್ಟಿಗೆಯನ್ನು ಹುಲ್ಲಿನ ಮೇಲೆ ಜೋಪಾನವಾಗಿ ಇರಿಸಿ, ಗಾಡಿಯ ಕೆಳಗೆ ತೂಗುಹಾಕಿದ್ದ ಬಿದಿರಿನ ಕೊಳವೆ ಬಿಚ್ಚಿ ಎರಡೂ ಗಾಲಿಯ ಅಚ್ಚಿಗೆ ಕೀಲೆಣ್ಣೆ ಬಿಟ್ಟ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿದ ಕಪ್ಪು ಜಿಡ್ಡು ಅದು. ಒಮ್ಮೆ ಅಂಗಿಗೆ ಹತ್ತಿದರೆ ಅಂಗಿ ಹರಿಯುವವರೆಗೂ ಹೋಗುವುದಿಲ್ಲ.

"ನನಗೆ ಗಡಿಬಿಡಿ ಐತಿ ತಾತ, ಇದು ಈಗ ಆಗಬೇಕೇನು?" ಎಂದೆ.

"ಗಾಲಿ ಕಿರ್ರ್ ಅನ್ನಬಾರ್ದು ಮೇಸ್ತ್ರಿ. ಆ ಸಪ್ಪಳ ಕೇಳಿದ್ರ ನನಗ ಅನ್ನ ಸೇರಂಗಿಲ್ಲ," ಎಂದು ಅವನು ಇನ್ನೊಂದು ಹನಿ ಬಿಟ್ಟ.

ದಾರಿಯಲ್ಲಿ ಅವನ ಬಾಯಿಂದಲೇ ಸಂಗತಿ ತಿಳಿಯಿತು. ಸಾಹುಕಾರರಿಗೆ ಒಬ್ಬಳೇ ಮಗಳು. ಕೊಟ್ಟದ್ದು ಹೊಳೆಯಾಚೆ, ನಿಜಾಮರ ಸೀಮೆಯ ಒಂದು ಹಳ್ಳಿಗೆ. ಮೊದಲ ಬಸಿರಿನಲ್ಲಿ ಅವಳನ್ನು ತವರಿಗೆ ಕರೆತರಲು ಹೋದದ್ದು ಇದೇ ಗಾಡಿ, ಇದೇ ತಾತ.

"ಹಾದಿ ತುಂಬ ಗಾಲಿ ಒದರ್ತಾ ಇತ್ತು. ಕೀಲೆಣ್ಣಿ ಮನ್ಯಾಗ ಬಿಟ್ಟು ಹೋಗಿದ್ದೆ. ಅದು ಒದರಿದಾಗೆಲ್ಲ ನಮ್ಮ ಹುಡುಗಿ ಕಿವಿ ಮುಚ್ಚಿಕೊಳ್ತಿತ್ತು. ಹೊಳಿ ನಡುವ ಬ್ಯಾನಿ ಸುರುವಾತು. ದಡಕ್ಕ ಬರೂದ್ರಾಗ ಎಲ್ಲಾ ಮುಗದು ಹೋತು. ಕೂಸು ಉಳೀಲಿಲ್ಲ."

ಈಗ ಅವಳು ಮತ್ತೆ ತುಂಬು ಬಸುರಿ. ಆ ಹಳ್ಳಿಯಲ್ಲಿ ವೈದ್ಯರಿಲ್ಲ, ಒಬ್ಬ ಸೂಲಗಿತ್ತಿ ಇದ್ದಾಳೆ, ಅವಳಿಗೆ ಕಣ್ಣು ಮಂಜು. ಬಳ್ಳಾರಿಯ ಡಾಕ್ಟರಮ್ಮ ಹಿಂದೆಯೇ ಹೇಳಿದ್ದರಂತೆ: ಹೆರಿಗೆ ಕಂಪ್ಲಿಯಲ್ಲಾದರೆ ನಾನು ಬರುತ್ತೇನೆ, ಆದರೆ ಗಾಡಿಯಲ್ಲಿ ಕುಲುಕಾಡಿಸಿ ಕರೆತರಬೇಡಿ. ಅದಕ್ಕೇ ಸಾಹುಕಾರರು ಮದ್ರಾಸಿನಿಂದ ಹಳೆಯದೊಂದು ದೊಡ್ಡ ಕಾರು ತರಿಸಿದ್ದರು. ಕಾರು ಹೊಳೆ ದಾಟಿದರೆ ಮಗಳು ಬರುತ್ತಾಳೆ. ಮೇಲ್ಸೀಮೆಯಲ್ಲಿ ಮಳೆ ಹಿಡಿದು ಹೊಸ ನೀರು ಬಂದರೆ ಮುಗಿಯಿತು, ಆಮೇಲೆ ದೀಪಾವಳಿಯವರೆಗೆ ಮೋಟಾರು ದಾಟುವ ಮಾತೇ ಇಲ್ಲ.

ಹ್ಯಾಂಡ್‌ಬ್ರೇಕಿನ ಮೇಲೆ ನನಗಿದ್ದ ತಾತ್ಸಾರ ಆ ದಾರಿಯಲ್ಲೇ ಇಳಿದುಹೋಯಿತು.

ಗಿರಣಿಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಕಾರು ನಿಂತಿತ್ತು, ನಾಲ್ಕೂ ಗಾಲಿಗೆ ಕಲ್ಲು ಕೊಟ್ಟಿತ್ತು. ಸಾಹುಕಾರರು ಹಣೆಯ ವಿಭೂತಿ ಬೆವರಿಗೆ ಕರಗುತ್ತಿದ್ದರೂ ಒರೆಸಿಕೊಳ್ಳದೆ ಅತ್ತಿಂದಿತ್ತ ಓಡಾಡುತ್ತಿದ್ದರು. ಕಾರನ್ನು ಅವರೇ ಹೊಡೆಯುತ್ತಿದ್ದರು; ಆದರೆ ದಡದಲ್ಲಿ ಅದು ಒಮ್ಮೆ ಜಾರಿದ ಮೇಲೆ ಅದರ ಬಾಗಿಲು ಮುಟ್ಟಲೂ ಹೆದರುತ್ತಿದ್ದರು. ಅವರ ಹೆಂಡತಿ, ಊರವರ ಬಾಯಲ್ಲಿ ಅಮ್ಮಾರು, ಮಜ್ಜಿಗೆ ತಂದುಕೊಟ್ಟು ಕುಡಿದು ಮುಗಿಸುವವರೆಗೆ ಎದುರಿಗೇ ನಿಂತಿದ್ದರು.

"ಮೇಸ್ತ್ರಿ, ಈ ಯಂತ್ರದ ಸುದ್ದಿ ನನಗ ತಿಳಿಯಂಗಿಲ್ಲ. ನನ್ನ ಮಗಳು ಈ ಸಲ ಬರಿಗೈಲೆ ಎದ್ದು ಹೋಗಬಾರ್ದು. ಅಷ್ಟು ಮಾಡಿಕೊಡ್ರಿ," ಎಂದರು.

ಕೆಲಸಕ್ಕೆ ಕೂತೆ. ಆ ಕಾಲದ ಕಾರಿನಲ್ಲಿ ಕಾಲಿನ ಬ್ರೇಕು ಬೇರೆ, ಕೈಯ ಬ್ರೇಕು ಬೇರೆ. ಕಾಲಿನದು ಹಿಂದಿನ ಗಾಲಿಯ ಜೊತೆ ತಿರುಗುವ ಬಟ್ಟಲಿನಂಥ ಡ್ರಮ್ಮನ್ನು ಹೊರಗಿನಿಂದ ಪಟ್ಟಿಯಂತೆ ಸುತ್ತಿ ಬಿಗಿಯುತ್ತದೆ. ಕೈಯದು ಅದೇ ಡ್ರಮ್ಮಿನ ಒಳಗಿರುವ ಎರಡು ಕಮಾನುಗಳನ್ನು ಅಗಲಿಸಿ ಒಳಮೈಗೆ ಒತ್ತಿ ಹಿಡಿಯುತ್ತದೆ. ಆ ಕಮಾನುಗಳಿಗೆ ಶೂ ಎನ್ನುತ್ತೇವೆ. ಅವುಗಳ ಮೈಗೆ ದಪ್ಪನೆಯ ನೇಯ್ದ ಪಟ್ಟಿ ರಿವೆಟ್ ಹೊಡೆದಿರುತ್ತದೆ, ಅದು ಲೈನಿಂಗು. ಸೀಟಿನ ಪಕ್ಕದ ಹಿಡಿಕೆಯನ್ನು ಎಳೆದರೆ ಕಾರಿನ ಹೊಟ್ಟೆಯ ಕೆಳಗಿನ ಉದ್ದ ರಾಡುಗಳು ಹೋಗಿ ಶೂಗಳನ್ನು ಅಗಲಿಸುತ್ತವೆ. ಹಿಡಿಕೆಯ ಬುಡದಲ್ಲಿ ಹಲ್ಲುಪಟ್ಟಿ ಇರುತ್ತದೆ. ಮೂರನೆಯ ನಾಲ್ಕನೆಯ ಹಲ್ಲಿಗೆ ಬ್ರೇಕು ಹಿಡಿಯಬೇಕು.

ಇದರದ್ದು ಕೊನೆಯ ಹಲ್ಲಿಗೆ ಹೋದರೂ ಹಿಡಿಯುತ್ತಿರಲಿಲ್ಲ. ಕೆಳಗೆ ಮಲಗಿ ನೋಡಿದೆ. ರಾಡುಗಳ ತುದಿಯ ಪಿನ್ನುಗಳು ಸವೆದು, ತೂತುಗಳು ಕೋಳಿಮೊಟ್ಟೆಯ ಹಾಗೆ ಉದ್ದವಾಗಿದ್ದವು. ಎಳೆದದ್ದರಲ್ಲಿ ಅರ್ಧ ಅಲ್ಲೇ ಕಳೆದುಹೋಗುತ್ತಿತ್ತು. ರೋಗ ಸಿಕ್ಕಿತು ಎಂದು ಖುಷಿಯಾಯಿತು. ಹೊಸ ದಪ್ಪ ಪಿನ್ನುಗಳನ್ನು ಅರದಿಂದ ಉಜ್ಜಿ ಹಾಕಿದೆ, ರಾಡಿನ ನಟ್ಟು ತಿರುಗಿಸಿ ಉದ್ದ ಕಡಿಮೆ ಮಾಡಿದೆ. ಹಿಡಿಕೆ ನಾಲ್ಕನೆಯ ಹಲ್ಲಿಗೆ ಗಟ್ಟಿಯಾಗಿ ಬಂದು ನಿಂತಿತು. ಹೊತ್ತು ಇಳಿಯುವ ಮೊದಲೇ ಕಾರನ್ನು ನಾನೇ ದಡಕ್ಕೆ ಹೊಡೆದುಕೊಂಡು ಹೋದೆ. ಸಾಹುಕಾರರು ಹಿಂದೆ ನಡೆದು ಬಂದರು.

ಕಾರು ದಾಟಿಸಲು ಅಂಬಿಗರು ಎರಡು ಭಾರಿ ಹರಿಗೋಲುಗಳನ್ನು ಪಕ್ಕಪಕ್ಕಕ್ಕೆ ಕಟ್ಟಿ ಮೇಲೆ ಹಲಗೆ ಹಾಸಿದ್ದರು. ಅವರ ಹಿರಿಯ ಅರವತ್ತರ ಮನುಷ್ಯ, ಮಾತು ಕಡಿಮೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬ್ರೇಕು ಚಲೋ ಆಗೈತೇನು?" ಎಂದ.

"ಆಗೈತಿ."

"ಹಂಗಾದ್ರ ಮುಂದ ನಿಂದ್ರು ಬಾ."

ಬೆನ್ನು ಮಾಡಿ ನಿಂತೆ. ಎದುರಿಗೆ ಹೊಳೆ ತಣ್ಣಗೆ ಹರಿಯುತ್ತಿತ್ತು. ಹಿಂದೆ ಅಂಬಿಗರು ಉಸಿರು ಕಟ್ಟಿ ನೂಕುವ ಸದ್ದು. ಮೊದಲು ಏನೂ ಆಗಲಿಲ್ಲ. ಆಮೇಲೆ ಮರಳು ಚರಕ್ಕೆಂದಿತು. ಕಾರಿನ ಮುಂದಿನ ಕಬ್ಬಿಣದ ಪಟ್ಟಿ ನನ್ನ ಮೀನಖಂಡಕ್ಕೆ ತಾಗಿತು. ನಾನು ಪಕ್ಕಕ್ಕೆ ಹಾರಿ ಮುಗ್ಗರಿಸಿ ಬಿದ್ದೆ. ಕಲ್ಲು ಹಿಡಿದು ಸಿದ್ಧವಾಗಿದ್ದ ಇಬ್ಬರು ಗಾಲಿಗೆ ಕೊಟ್ಟು ನಿಲ್ಲಿಸಿದರು. ಹಿರಿಯ ನಗಲಿಲ್ಲ. ನಕ್ಕಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು.

ಮರುದಿನ ಬೆಳಿಗ್ಗೆ ನಟ್ಟುಗಳನ್ನು ಇನ್ನೂ ಬಿಗಿ ಮಾಡಿದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಇದು: ಹಿಡಿಯದಿದ್ದರೆ ಬಿಗಿ, ಆಗಲೂ ಹಿಡಿಯದಿದ್ದರೆ ಇನ್ನೂ ಬಿಗಿ. ಹಿಡಿಕೆ ಎರಡನೆಯ ಹಲ್ಲಿಗೇ ಕಲ್ಲಾಯಿತು. ಆದರೆ ಬಿಟ್ಟಾಗಲೂ ಶೂಗಳು ಪೂರ್ತಿ ಬಿಡುತ್ತಿರಲಿಲ್ಲ, ಕಾರು ಏದುಸಿರು ಬಿಡುತ್ತ ಓಡಿತು. ದಡ ಮುಟ್ಟುವಷ್ಟರಲ್ಲಿ ಹಿಂದಿನ ಗಾಲಿಗಳಿಂದ ಸಣ್ಣಗೆ ಹೊಗೆ. ಅಂಬಿಗರು ನೂಕಿದರು. ಈ ಸಲ ಕಾರು ಹಾರಿ ಬರಲಿಲ್ಲ. ಇಷ್ಟಿಷ್ಟೇ, ಬೆಣ್ಣೆಯ ಮೇಲೆ ಕೂತ ಹಾಗೆ ಜರುಗಿತು.

ಸಾಹುಕಾರರ ಧೈರ್ಯ ಉಡುಗಿಹೋಯಿತು. "ಹಗ್ಗ ಹಾಕಿ ಹಲಗಿಗೆ ಕಟ್ಟಿಬಿಡ್ರಿ, ಗಾಲಿಗೆ ಕಲ್ಲು ಕೊಡ್ರಿ. ನಾನ ಹೇಳ್ತೀನಿ, ನಡೀರಿ," ಎಂದು ಹಿರಿಯನ ಕೈ ಹಿಡಿದುಕೊಂಡರು.

ಅವನು ಕೈ ಬಿಡಿಸಿಕೊಳ್ಳಲಿಲ್ಲ. "ಸಾವ್ಕಾರ್ರ, ದಡದ ಮ್ಯಾಲ ಕಲ್ಲು ನಿಂದ್ರುತ್ತ. ಹೊಳಿ ಮ್ಯಾಲ ಹಲಗಿ ಕುಣೀತೈತಿ, ಕಲ್ಲೊಂದು ಕಡಿ, ಮೋಟಾರೊಂದು ಕಡಿ. ಹಗ್ಗ ಕಟ್ಟಿದ್ರ ಮೋಟಾರಿನ ಸಂಗಾಟ ಹರಿಗೋಲೂ ಮಗಚ್ತೈತಿ. ಹೋಗೂವಾಗ ನೀವು ನಾವು ಹೆಂಗೋ ಈಜಿಕೊಂಡೇವು. ಬರೂವಾಗ ಆಕಿ ಇರ್ತಾಳ." ಆಮೇಲೆ ನೀರಿನ ಕಡೆ ಗದ್ದ ತಿರುಗಿಸಿದ. ಅಂಚಿನಲ್ಲಿ ನೊರೆ, ಕಸಕಡ್ಡಿ ತೇಲಿ ಬರುತ್ತಿತ್ತು. "ನಾಳಿ ಒಂದಿನ ಐತಿ. ನಾಡ್ದು ನನ್ನ ಕೇಳಬ್ಯಾಡ್ರಿ."

ಆ ಹೊತ್ತಿಗೆ ಅವನ ಮೇಲೆ ನನಗೆ ಮೈಯೆಲ್ಲ ಉರಿದಿತ್ತು. ಆದರೆ ಅವನು ಸಾಹುಕಾರರ ದಾಕ್ಷಿಣ್ಯಕ್ಕೆ ಬಿದ್ದು ಹೂಂ ಅಂದಿದ್ದರೆ ನಾನು ಅದೇ ಕಾರಿನ ಸ್ಟಿಯರಿಂಗ್ ಹಿಡಿದು ಹಲಗೆ ಹತ್ತುತ್ತಿದ್ದೆ. ಆ ಇಲ್ಲ ಎನ್ನುವ ಮಾತಿಗೆ ನಾನು ಇಂದಿಗೂ ಋಣಿ.

ನಾನು ಹಿಂದಿನ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಲೈನಿಂಗ್ ಸುಟ್ಟರೆ ಬಟ್ಟೆ ಸೀದ ವಾಸನೆ ಬರುತ್ತದೆ. ಅಚ್ಚಿನ ಎಣ್ಣೆ ಸೋರಿದ್ದರೆ ಆ ವಾಸನೆಯೂ ನನಗೆ ಗೊತ್ತು. ಇದು ಎರಡೂ ಅಲ್ಲ. ಪರಿಚಯದ್ದು, ಆದರೆ ಮೋಟಾರಿನದಲ್ಲ. ಎಲ್ಲಿ ಮೂಸಿದ್ದೆ ಎಂದು ತಲೆ ಕೆರೆದುಕೊಂಡರೂ ಹೊಳೆಯಲಿಲ್ಲ. ಒಳಗೆ ಏನೋ ಇದೆ ಎನ್ನುವುದಂತೂ ಖಾತ್ರಿಯಾಯಿತು. ಹೊರಗಿನ ನಟ್ಟು ಎಷ್ಟು ತಿರುಗಿಸಿದರೂ ಒಳಗಿನ ರೋಗಕ್ಕೆ ಮದ್ದಾಗುವುದಿಲ್ಲ.

ಗಿರಣಿಗೆ ಮರಳಿ, "ಬಿಗಿ ಮಾಡಿದ್ದೆಲ್ಲ ಸಡಿಲು ಮಾಡ್ತೀನಿ. ಗಾಲಿ ಕಳಚಿ ಡ್ರಮ್ಮು ಬಿಚ್ಚಬೇಕು," ಎಂದೆ.

ಸಾಹುಕಾರರು ಕುಸಿದು ಕೂತರು. "ಬಿಚ್ಚಿ ನಾಳಿ ಒಳಗ ಕೂಡಸಾಕ ಆಗಲಿಲ್ಲಂದ್ರ? ಈಗ ಅರ್ಧರ ಹಿಡೀತೈತಿ. ಆಮ್ಯಾಲ ಕಾರೂ ಇಲ್ಲ, ದಿನಾನೂ ಇಲ್ಲ."

ಅವರ ಮಾತು ತಪ್ಪಲ್ಲ. ಆ ಡ್ರಮ್ಮುಗಳು ಅಚ್ಚಿಗೆ ಕಚ್ಚಿಕೊಂಡರೆ ಶೆಡ್ಡಿನಲ್ಲೇ ದಿನವೆಲ್ಲ ತಿನ್ನುತ್ತವೆ. ನನಗೂ ಭರವಸೆಯೇನೂ ಇರಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಮ್ಮಾರು ಮುಂದೆ ಬಂದರು. "ಹೋದ ಸಲ ನಾವೆಲ್ಲಾರೂ ಜಲ್ದಿ ಜಲ್ದಿ ಅಂದ್ವಿ. ಈ ಸಲ ಬ್ಯಾಡ. ಬಿಚ್ರಿ ಮೇಸ್ತ್ರಿ," ಎಂದರು. ಒಂದು ಮನೆಯ ತಾಯಿ ಅಷ್ಟು ನಂಬಿ ಹೇಳಿದ ಮೇಲೆ ನನ್ನ ಕೈಗೆ ಬಂದ ಬಲ ಎಷ್ಟೆಂದು ಹೇಳಲಾರೆ.

ಗಾಲಿ ತೆಗೆದೆ, ಅಚ್ಚಿನ ನಟ್ಟು ಬಿಚ್ಚಿದೆ, ಡ್ರಮ್ಮನ್ನು ಎಳೆದು ಕಳಚುವ ಪುಲ್ಲರ್ ಹಾಕಿ ತಿರುಪಿದೆ. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅಮ್ಮಾರು ಹಂಡೆಯಲ್ಲಿ ನೀರು ಕಾಯಿಸಿ ಕೊಟ್ಟರು. ಗೋಣಿ ತಟ್ಟು ಅದ್ದಿ ಡ್ರಮ್ಮಿಗೆ ಸುತ್ತಿ, ಪುಲ್ಲರ್ ಇನ್ನೊಂದು ಸುತ್ತು ಬಿಗಿದು ಅದರ ತಲೆಗೆ ಒಂದೇ ಏಟು ಹಾಕಿದೆ. ಠಪ್ಪೆಂದು ಬಿಟ್ಟುಕೊಂಡಿತು.

ಒಳಗೆ ನೋಡಿದರೆ ಕರಿ ಹಲ್ವಾ. ಶೂ, ಸ್ಪ್ರಿಂಗು, ಲೈನಿಂಗು ಎಲ್ಲವೂ ಕಪ್ಪು ಜಿಡ್ಡಿನಲ್ಲಿ ಮುಳುಗಿದ್ದವು. ಆ ಜಿಡ್ಡಿನ ಮೇಲೆ ಯಾವ ಬ್ರೇಕು ತಾನೇ ನಿಂತೀತು? ಬೆರಳಲ್ಲಿ ತೆಗೆದು ಮೂಸಿದೆ, ದಡದಲ್ಲಿ ಮೂಗಿಗೆ ಬಡಿದಿದ್ದ ಅದೇ ವಾಸನೆ. ಆದರೂ ಅಭ್ಯಾಸಬಲದಿಂದ ನನ್ನ ಬುದ್ಧಿ ಮೋಟಾರಿನೊಳಗೇ ಸುತ್ತಿತು. "ಅಚ್ಚಿನ ಸೀಲು ಒಡದು ಎಣ್ಣಿ ಸೋರೈತಿ. ಇಡೀ ಹಿಂದಿನ ಅಚ್ಚು ಇಳಿಸಬೇಕು," ಎಂದುಬಿಟ್ಟೆ. ಹಾಗೆ ಮಾಡಿದರೆ ನಾಳೆಯಲ್ಲ, ವಾರ ಬೇಕು.

ಅಲ್ಲಿಯವರೆಗೆ ಡ್ರಮ್ಮು ಹಿಡಿದುಕೊಂಡು ಕೂತಿದ್ದ ಗಾಡಿ ತಾತ ಅದನ್ನು ಕೆಳಗಿಟ್ಟ.

"ಸೋರಿಲ್ಲ ಮೇಸ್ತ್ರಿ. ಅದು ನಾನು ಹಾಕಿದ್ದು."

"ಏನು?"

"ಕೀಲೆಣ್ಣಿ. ಕಾರು ಬಂದಾಗಿಂದ ದಿನಾ ಬೆಳಿಗ್ಗೆ ಹಾಕೀನಿ. ಗಾಲಿ ನಡುವಿನ ಟೊಪಿಗಿ ಬಿಚ್ಚಿ ಹಾಕಿದೆ. ಹಿಂದ ತಗಡಿನ್ಯಾಗ ಒಂದು ಕಿಂಡಿ ಐತಿ, ಅಲ್ಲೂ ಹಾಕಿದೆ. ಈ ಸಲ ಗಾಲಿ ಒದರಬಾರ್ದು ಅಂತ. ಆಕಿ ಕಿವಿ ಮುಚ್ಚಿಕೋಬಾರ್ದು ಅಂತ."

ನನ್ನ ಸಿಟ್ಟು ಯಾವತ್ತೂ ಮೂಗಿನ ತುದಿಯಲ್ಲೇ ಇರುವಂಥದ್ದು. ಬೈಗುಳ ನಾಲಿಗೆಗೆ ಬಂದೇಬಿಟ್ಟಿತ್ತು. ಅವನ ಮುಖ ನೋಡಿದೆ. ಸಾಹುಕಾರರ ಎದುರು, ಅಮ್ಮಾರ ಎದುರು, ಆಳುಕಾಳುಗಳೆಲ್ಲರ ಎದುರು ಆ ಮುದುಕ ಒಂದು ಮಾತೂ ಮರೆಸದೆ ನಿಂತಿದ್ದ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ನಾನು ಇಲ್ಲದ ಸೋರಿಕೆ ಹುಡುಕುತ್ತ ಆ ದಿನವನ್ನು ಮಣ್ಣುಪಾಲು ಮಾಡುತ್ತಿದ್ದೆ. ಬೈಗುಳ ನುಂಗಿಕೊಂಡೆ. ಅವನ ಕಾಲು ಹಿಡಿಯಬೇಕು ಅನ್ನಿಸಿತು. ಹಿಡಿಯಲಿಲ್ಲ, "ಪೆಟ್ರೋಲು ಡಬ್ಬಿ ಕೊಡು ತಾತ," ಎಂದೆ.

"ಲೇ, ನಿನಗ ಬುದ್ಧಿ..." ಎಂದು ಸಾಹುಕಾರರು ಎದ್ದರು. ಅಮ್ಮಾರು ಅವರ ಭುಜ ಮುಟ್ಟಿ ಕೂಡಿಸಿದರು. ಆಮೇಲೆ ತಾತನಿಗೆ, "ನೀ ಹಾಕಿದ್ದು ಆಕಿ ಸಲುವಾಗಿ. ಈಗ ತಗೀಯದೂ ಆಕಿ ಸಲುವಾಗೇ," ಎಂದರು.

ಇನ್ನೊಂದು ಗಾಲಿಯನ್ನೂ ಹಾಗೇ ಬಿಚ್ಚಿ ಶೂಗಳನ್ನು ಪೆಟ್ರೋಲಿನಲ್ಲಿ ತೊಳೆದೆವು. ಡ್ರಮ್ಮು ಕಬ್ಬಿಣ, ಒರೆಸಿ ತೊಳೆದರೆ ಮುಗಿಯಿತು. ಲೈನಿಂಗು ನೇಯ್ದದ್ದು, ಜಿಡ್ಡು ಹೊಟ್ಟೆಯೊಳಗೇ ಇಳಿದಿತ್ತು. ಇದ್ದಿಲ ಕೆಂಡದ ಮೇಲೆ ಹಿಡಿದರೆ ಚುರುಚುರು ಎಂದು ಎಣ್ಣೆ ಕಕ್ಕಿತು, ಜತೆಗೆ ಎಳೆಗಳೂ ಪುಡಿಯಾಗಿ ಉದುರಿದವು. ಹೊಸ ಲೈನಿಂಗು ಸಿಗುವುದು ಮದ್ರಾಸಿನಲ್ಲಿ. ನಾನು ಕೈ ಚೆಲ್ಲಿ ಕೂತೆ. ಆಗ ಗಿರಣಿಯಲ್ಲಿ ಭತ್ತದ ಹೊಟ್ಟು ಬಿಡಿಸುತ್ತಿದ್ದ ಯಂತ್ರ ನಿಂತಿತು, ಬೆಲ್ಟು ಜಾರಿತ್ತು. ಆಳುಗಳು ಅದನ್ನು ಏರಿಸುವುದನ್ನು ನೋಡಿದೆ. ನೇಯ್ದ ನೂಲಿನ ಅಗಲವಾದ ದಪ್ಪ ಬೆಲ್ಟು. ಚಕ್ರದ ಮೇಲೆ ಜಾರದೆ ಹಿಡಿಯುವುದೇ ಅದರ ಕೆಲಸ. ನನಗೆ ಬೇಕಾದದ್ದೂ ಅದೇ ತಾನೇ!

"ಇಂಥಾದ್ದು ಇನ್ನೊಂದು ಐತೇನ್ರಿ?" ಎಂದು ಕೇಳಿದೆ.

ಉಗ್ರಾಣದಲ್ಲಿ ಹೊಸ ಬೆಲ್ಟಿನ ಸುರುಳಿ ಇತ್ತು. ಸಾಹುಕಾರರು ತಾವೇ ಹೊತ್ತು ತಂದು ನನ್ನ ಮುಂದೆ ಹಾಕಿದರು. ಬೆಲ್ಟು ಕೂಡಿಸುವ ತಾಮ್ರದ ರಿವೆಟ್ಟೂ ಅವರಲ್ಲೇ ಇದ್ದವು. ಓಡುವ ಕಾರನ್ನು ನಿಲ್ಲಿಸಲು ನೂಲಿನ ಬೆಲ್ಟನ್ನು ನಾನು ನಂಬುತ್ತಿರಲಿಲ್ಲ, ಬಿಸಿಗೆ ಸೀದು ಹೋದೀತು. ಆದರೆ ನಿಂತ ಕಾರನ್ನು ನಿಂತಲ್ಲೇ ಹಿಡಿಯಲು ಬಿಸಿಯ ಮಾತೇ ಇಲ್ಲ. ಎರಡೂ ಗಾಲಿ ಒಂದೇ ಸಮ ಹಿಡಿಯಬೇಕೆಂದು ಎಲ್ಲ ಶೂಗಳಿಗೂ ಅದೇ ಸುರುಳಿಯಿಂದ ಕತ್ತರಿಸಿದೆ. ರಿವೆಟ್ಟಿನ ತಲೆ ಬೆಲ್ಟಿನ ಮೈಯೊಳಗೆ ಮುಳುಗುವಂತೆ ಹೊಡೆದೆ. ಮೇಲೆದ್ದರೆ ಡ್ರಮ್ಮನ್ನು ಕೆರೆದು ಹಾಳುಮಾಡುತ್ತದೆ. ಅಂಚುಗಳನ್ನು ಅರದಿಂದ ಓರೆ ಮಾಡಿದೆ. ತಾತ ಒಂದೊಂದು ಶೂವನ್ನೂ ಎರಡು ಕೈಯಲ್ಲಿ ಹಿಡಿದು ಕೊಡುತ್ತಿದ್ದ. ಕೈಗೆ ಜಿಡ್ಡು ಇದ್ದೀತೆಂದು ಮತ್ತೆ ಮತ್ತೆ ಸೀಗೆಪುಡಿ ಹಚ್ಚಿ ತೊಳೆದುಕೊಂಡು ಬರುತ್ತಿದ್ದ.

ಜೋಡಿಸುವಾಗ ಈ ಸಲ ಕ್ರಮ ತಪ್ಪಲಿಲ್ಲ. ರಾಡುಗಳನ್ನು ಕಳಚಿಯೇ ಇಟ್ಟೆ. ಮೊದಲು ಗಾಲಿಯಲ್ಲೇ ಶೂಗಳನ್ನು ಡ್ರಮ್ಮಿಗೆ ಸವರುವಷ್ಟು ಹತ್ತಿರ ತಂದು, ಗಾಲಿ ತಿರುಗಿಸಿ ನೋಡಿ, ಕೂದಲೆಳೆಯಷ್ಟು ಹಿಂದೆ ಸರಿಸಿದೆ. ಎರಡೂ ಗಾಲಿ ಒಂದೇ ಹದಕ್ಕೆ ಬಂದ ಮೇಲೆ ರಾಡಿನ ಉದ್ದ ಹೊಂದಿಸಿದೆ. ಎಳೆಯದೆ, ನೂಕದೆ, ಪಿನ್ನು ತಾನಾಗಿ ತೂತಿನೊಳಗೆ ಇಳಿಯಬೇಕು. ಇಳಿಯಿತು. ಹಿಡಿಕೆ ಎಳೆದೆ, ಮೂರನೆಯ ಹಲ್ಲಿಗೆ ನಿಂತಿತು. ಬಿಟ್ಟರೆ ಗಾಲಿ ಸರಾಗವಾಗಿ ತಿರುಗಿತು. ಮರುದಿನ ಎಳೆಬಿಸಿಲಲ್ಲಿ ಹಿಡಿಕೆಯನ್ನು ಅಷ್ಟಿಷ್ಟು ಎಳೆದು ಅಂಗಳದಲ್ಲಿ ನಿಧಾನವಾಗಿ ಓಡಾಡಿಸಿ ಹೊಸ ಮೈಯನ್ನು ಪಳಗಿಸಿದೆ.

ದಡಕ್ಕೆ ಹೋದಾಗ ನೀರಿನ ಬಣ್ಣ ಕೆಂಪಿಗೆ ತಿರುಗಿತ್ತು. ಇಳಿಜಾರಿನಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ, ಇಳಿದು ಬಂದು ಬೆನ್ನು ಮಾಡಿ ನಿಂತೆ. ಪಕ್ಕದಲ್ಲಿ ಯಾರೋ ಬಂದರು. ನೋಡಿದರೆ ತಾತ.

"ನೀ ಯಾಕ? ಸರಿ ಆಕಡಿ," ಎಂದೆ.

"ನಂದೂ ಕೈ ಐತಿ ಇದರಾಗ," ಎಂದು ಅವನು ಹೊಳೆ ನೋಡುತ್ತ ನಿಂತ.

ಅಂಬಿಗರು ನೂಕಿದರು. ಮತ್ತೆ ನೂಕಿದರು. ಹಿರಿಯನೇ ಹೋಗಿ ಬೆನ್ನು ಕೊಟ್ಟು ಕಾಲು ಮರಳಲ್ಲಿ ಹೂತು ನೂಕಿದ. ಕಾರು ತನ್ನ ಸ್ಪ್ರಿಂಗಿನ ಮೇಲೆ ತೂಗಿತು, ಗಾಲಿ ಮಾತ್ರ ಕದಲಲಿಲ್ಲ. "ಹತ್ತಸ್ರಿ," ಎಂದ ಹಿರಿಯ. ಸಾಹುಕಾರರು ಪಂಚೆಯ ಚುಂಗಿನಲ್ಲಿ ಮುಖ ಮುಚ್ಚಿಕೊಂಡರು.

ದಾಟಿದೆವು. ಆಚೆ ದಡದಲ್ಲಿ ನಿಜಾಮರ ಸುಂಕದ ನಾಕಾದವರು ನಮ್ಮನ್ನು ತಡೆಯಲಿಲ್ಲ, ಬಸುರಿಯನ್ನು ತರಲು ಹೊರಟವರೆಂದು ಅಲ್ಲಿಯವರಿಗೂ ಸುದ್ದಿ ಮುಟ್ಟಿತ್ತು. ಹಳ್ಳಿ ಸೇರಿದಾಗ ಹುಡುಗಿ ಹೊಸ್ತಿಲಲ್ಲೇ ನಿಂತಿದ್ದಳು. ಮುಖ ಬಾಡಿತ್ತು. ಹೋದ ವಾರದಿಂದ ನಿದ್ದೆಯಿಲ್ಲ, ಹೊಳೆ ಎಂದರೆ ನಡುಗುತ್ತಾಳೆ ಎಂದು ಅವಳ ಅತ್ತೆ ಹೇಳಿದರು. ಹಿಂದಿನ ಸೀಟಿನಲ್ಲಿ ಹಾಸಿಗೆ ಹಾಸಿ ಮಲಗಿಸಿದೆವು. ಸ್ಟಿಯರಿಂಗ್ ನನ್ನ ಕೈಯಲ್ಲಿ, ಸಾಹುಕಾರರು ನನ್ನ ಪಕ್ಕ, ತಾತ ಕಾರಿನ ಹೊರಗಿನ ಕಾಲುಮೆಟ್ಟಿಲ ಮೇಲೆ. ದಾರಿಯಲ್ಲಿ ಗುಂಡಿ ಬಂದರೆ ಅವನು ಇಳಿದು ಹೋಗಿ ಕಾಲಲ್ಲಿ ಅಳೆದು, ಹೀಗೆ ಬಾ ಎಂದು ಕೈ ತೋರಿಸುತ್ತಿದ್ದ. ಎತ್ತುಗಳಿಗೂ ಅವನು ಇಷ್ಟು ಹೇಳಿರಲಿಕ್ಕಿಲ್ಲ.

ಮರಳಿ ಹೊಳೆಗೆ ಬಂದಾಗ ನೀರು ಏರಿತ್ತು. ಕಾರು ಹಲಗೆಯ ಮೇಲಿರುವಾಗ ಒಳಗೆ ಜನ ಇರಕೂಡದು, ಇಳಿದು ಹಲಗೆಯ ಅಂಚಿನಲ್ಲಿ ನಿಲ್ಲಬೇಕು ಎನ್ನುವುದೂ ಅಂಬಿಗರ ನಿಯಮ. ಹಿರಿಯ ಬಾಗಿಲ ಬಳಿ ಬಗ್ಗಿ ಹುಡುಗಿಯ ಮುಖ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಕುಂದ್ರಲಿ ಬಿಡು," ಎಂದಷ್ಟೇ ಹೇಳಿದ. ಆ ಮಾತಿಗಿಂತ ದೊಡ್ಡ ಶಾಭಾಸ್‌ಗಿರಿ ನನ್ನ ಕಸುಬಿನಲ್ಲಿ ನನಗೆ ಸಿಕ್ಕಿಲ್ಲ.

ನಡುಹೊಳೆಯಲ್ಲಿ ಸೆಳೆತಕ್ಕೆ ಹರಿಗೋಲುಗಳು ತೂಗಿದವು. ಅವಳ ಜತೆಗೆ ಸಾಹುಕಾರರೂ ನಾನೂ ಒಳಗೇ ಉಳಿದಿದ್ದೆವು; ನಾನು ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದೆ. ಕಾರು ಹಲಗೆಯ ಸಂಗಡ ತೂಗಿತೇ ಹೊರತು ಗೆರೆಯಷ್ಟೂ ಜರುಗಲಿಲ್ಲ. ಸಾಹುಕಾರರು ಹಿಂದೆ ತಿರುಗಿ ನೋಡಿ ನನ್ನ ತೋಳು ಹಿಂಡಿದರು. ಹುಡುಗಿ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು, ಒಂದು ಕೈ ಹೊಟ್ಟೆಯ ಮೇಲಿತ್ತು.

ಈಚೆ ದಡದಲ್ಲಿ ಇಂಜಿನ್ ಚಾಲೂ ಮಾಡಿದರೆ ಅವಳಿಗೆ ಎಚ್ಚರವಾಗುತ್ತಿತ್ತು. ಹಿರಿಯ ಬೆರಳು ಎತ್ತಿದ. ಅಂಬಿಗರು ಯಾವತ್ತಿನ ಕೂಗು ಹಾಕದೆ, ಉಸಿರು ಬಿಗಿಹಿಡಿದು ಕಾರನ್ನು ಹಗ್ಗದಿಂದ ಎಳೆದು ಇಳಿಜಾರಿನ ಮೇಲೆ ತಂದರು. ಹಿಡಿಕೆಯ ತುದಿಯ ಗುಂಡಿಯನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದು, ಹಲ್ಲು ಟಕಟಕ ಎನ್ನದಂತೆ ಎಳೆದು ನಿಲ್ಲಿಸಿದೆ. ಅಮ್ಮಾರು ಮೊಣಕಾಲಿನ ನೀರಿಗೇ ಇಳಿದು ಓಡಿಬಂದವರು ಮಗಳನ್ನು ನೋಡಿ ಅಲ್ಲೇ ನಿಂತರು. "ಎಬ್ಬಿಸಬ್ಯಾಡ್ರಿ," ಎಂದು ಪಿಸುಗುಟ್ಟಿದರು. ಬಿಸಿಲಲ್ಲಿ ನಾವೆಲ್ಲ ಮಾತಿಲ್ಲದೆ ನಿಂತೆವು, ಕಾರಿಗೆ ಕಲ್ಲು ಕೊಡಬೇಕೆಂದು ಯಾರಿಗೂ ನೆನಪಾಗಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು. ತಾಯಿಯ ಮುಖ ಕಂಡು ಗಾಬರಿಯಾಗಿ, "ಅವ್ವಾ, ನೀ ಯಾಕ ಬಂದಿ ಈ ದಡಕ್ಕ? ಇನ್ನೂ ಹೊಳಿ ದಾಟಿಲ್ಲೇನು?" ಎಂದು ಕೇಳಿದಳು.

"ದಾಟಿದಿ ನನ್ನವ್ವ," ಎಂದರು ಅಮ್ಮಾರು. "ದಾಟಿ ಬಂದಿ."

ನಾನು ಹೊಸಪೇಟೆಗೆ ಮರಳಿದೆ. ಮಳೆ ಹಿಡಿಯಿತು, ಹೊಳೆ ತುಂಬಿತು, ಕೆಲಸದ ಗದ್ದಲದಲ್ಲಿ ದಿನಗಳು ಹೋದವು. ಒಂದು ಮಧ್ಯಾಹ್ನ ನಮ್ಮ ಶೆಡ್ಡಿನ ಮುಂದೆ ಎತ್ತಿನ ಗಾಡಿ ನಿಂತಿತು. ಕಂಪ್ಲಿಯಿಂದ ಅಷ್ಟು ದೂರ ಕೆಸರಿನಲ್ಲಿ ಗಾಡಿ ಹೊಡೆದುಕೊಂಡು ತಾತ ಬಂದಿದ್ದ. ಒಳಗೆ ಬಂದವನು ನನ್ನ ಎರಡೂ ಕೈ ಹಿಡಿದುಕೊಂಡ.

"ಏನಾತು ತಾತ?" ಎಂದೆ.

ಅವನು ಬಾಯಿ ತೆರೆದ. ಮಾತು ಹೊರಡಲಿಲ್ಲ. ಮತ್ತೆ ಪ್ರಯತ್ನಿಸಿದ. ಆಗಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಮುಷ್ಟಿ ಎರಡೂ ಎದೆಗೆ ಮಡಚಿಕೊಂಡು, ಶೆಡ್ಡಿನ ಜನವೆಲ್ಲ ಕೆಲಸ ಬಿಟ್ಟು ತಿರುಗಿ ನೋಡುವ ಹಾಗೆ, ಈಗಷ್ಟೇ ಹುಟ್ಟಿದ ಕೂಸು ಹೇಗೆ ಅಳುತ್ತದೋ ಹಾಗೆ ಗಟ್ಟಿಯಾಗಿ ಅತ್ತು ತೋರಿಸಿದ.